ತಂಗಳನ್ನಕ್ಕೆ ಕಡುಬಿನ ರೂಪ

ಅನ್ನವನ್ನು ಪರಬ್ರಹ್ಮಸ್ವರೂಪವೆಂದು ನಂಬಿದ ನಮ್ಮ ಮನೆಗಳಲ್ಲಿ, ರಾತ್ರಿ ಉಳಿದ ಅನ್ನದ ಪ್ರಸ್ತಾಪ ಬಂದಾಗ ಎರಡು ಪಕ್ಷಗಳು ಏಳುತ್ತವೆ. ತಂಗಳು ತಾಮಸಾಹಾರ, ಅದನ್ನು ಚೆಲ್ಲುವುದೇ ಲೇಸು ಎನ್ನುವವರು ಕೆಲವರು; ಒಂದು ಅಗುಳನ್ನೂ ವ್ಯರ್ಥಮಾಡಕೂಡದೆನ್ನುವವರು ಮತ್ತೆ ಕೆಲವರು. ಈ ಎರಡನೆಯ ಪಕ್ಷದವರ ಮನೆಯಲ್ಲಿ ತಂಗಳನ್ನು ವಾಸ್ತವವಾಗಿ ಉಣ್ಣುವವರು ಯಾರೆಂದು ವಿಚಾರಿಸಿದರೆ, ಬಹುಮಟ್ಟಿಗೆ ಅದು ಮನೆಯೊಡತಿಯೇ. ಪತಿಗೂ ಮಕ್ಕಳಿಗೂ ಬಿಸಿಯಡಿಗೆ, ತನಗೆ ನಿನ್ನೆಯದು! ಇದನ್ನು ಮಿತವ್ಯಯವೆಂದು ಹೊಗಳುವುದು ನನಗೆ ಸಮ್ಮತವಲ್ಲ. ಉಳಿದದ್ದು ಉಣ್ಣಲು ಯೋಗ್ಯವಾಗಿದ್ದರೆ ಎಲ್ಲರ ತಟ್ಟೆಗೂ ಬರಲಿ. ಯೋಗ್ಯವಲ್ಲದಿದ್ದರೆ ಯಾರ ತಟ್ಟೆಗೂ ಬಾರದಿರಲಿ.

ಆದರೆ ತಣ್ಣನೆಯ ಅನ್ನವನ್ನು ಹಾಗೆಯೇ ಮುಂದಿಟ್ಟರೆ ಮಕ್ಕಳು ಮುಖ ತಿರುಗಿಸುವುದು ಸಹಜ. ಅದಕ್ಕೊಂದು ಹೊಸ ರೂಪ ಬೇಕು. ಆ ರೂಪ ಕಡುಬಿನದಾಗಲಿ ಎಂಬುದು ನನ್ನ ಸೂಚನೆ. ಇಸಿಐಎಲ್ 1967ರಲ್ಲಿಯೂ ಪರಮಾಣು ಇಂಧನ ಸಂಕೀರ್ಣವು 1971ರಲ್ಲಿಯೂ ಸ್ಥಾಪನೆಯಾದ ಮೇಲೆ ನಮ್ಮ ಕುಷಾಯಿಗೂಡದ ಸುತ್ತ ನಾನಾ ಪ್ರಾಂತಗಳ ಜನ ನೆಲೆಸಿದರು. ಹೀಗಾಗಿ ಇಲ್ಲಿ ಹಳೆಯ ಮೈಸೂರಿನ ನುಚ್ಚಿನುಂಡೆಯ ಪಕ್ಕದಲ್ಲಿಯೇ, ಪಾತ್ರೆಯ ಒಳಮೈಗೆ ಹಿಟ್ಟು ತಟ್ಟಿ ಸಣ್ಣ ಉರಿಯಲ್ಲಿ ಗರಿಗರಿಯಾಗಿಸುವ ತೆಲಂಗಾಣದ ಸರ್ವಪಿಂಡಿಯೂ ಉಂಟು. ಇವೆರಡರ ಗುಣವನ್ನೂ ಒಂದೇ ಪಾತ್ರೆಯಲ್ಲಿ ಕೂಡಿಸಬಹುದು.

ಎರಡು ಬಟ್ಟಲು ಅನ್ನವನ್ನು ಅಗುಳು ಉಳಿಯದಂತೆ ಮಿದಿಯಬೇಕು. ಅರ್ಧ ಬಟ್ಟಲು ಕಡಲೆಹಿಟ್ಟು, ಎರಡು ಚಮಚ ಅಕ್ಕಿಹಿಟ್ಟು, ಜೀರಿಗೆ, ಶುಂಠಿ, ಹಸಿಮೆಣಸಿನಕಾಯಿ ಮತ್ತು ರೈತು ಬಜಾರಿನಿಂದ ತಂದ ಒಂದು ಹಿಡಿ ಮೆಂತ್ಯದ ಸೊಪ್ಪನ್ನು ಹೆಚ್ಚಿ ಸೇರಿಸಿ, ನಿಂಬೆಯ ಗಾತ್ರದ ಉಂಡೆಗಳನ್ನು ಕಟ್ಟಿ, ನಡುವೆ ಬೆರಳಿನಿಂದ ಅದುಮಬೇಕು. ಉಳಿದ ತೊವ್ವೆ ಅಥವಾ ಹುಳಿಗೆ ನೀರು ಬೆರೆಸಿ ಚೆನ್ನಾಗಿ ಕುದಿಸಿ, ದಪ್ಪ ತಳದ ಅಗಲ ಪಾತ್ರೆಗೆ ಸುರಿದು, ಉಂಡೆಗಳನ್ನು ಅರ್ಧ ಮುಳುಗುವಂತೆ ಒತ್ತಾಗಿ ಜೋಡಿಸಿ, ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಅರ್ಧ ಗಂಟೆ ಬೇಯಿಸಬೇಕು. ಬಿರಿಯಾನಿಗೆ ದಮ್ ಕೊಡುವವರಂತೆ ಮುಚ್ಚಳದ ಮೇಲೆ ಕೆಂಡವಿಡುವ ಸೌಕರ್ಯ ಈಗ ಯಾರಿಗಿದೆ? ಓವನ್ ಇರುವವರು 180 ಡಿಗ್ರಿ ಶಾಖದಲ್ಲಿ ಇಪ್ಪತ್ತೈದು ನಿಮಿಷ ಮುಚ್ಚಿಯೂ ಹತ್ತು ನಿಮಿಷ ತೆರೆದೂ ಇಟ್ಟರೆ, ಮೇಲ್ಭಾಗ ಕೆಂಪಗೆ ಗಟ್ಟಿಯಾಗಿ, ಕೆಳಭಾಗ ರಸ ಹೀರಿ ಮೆತ್ತಗಾಗುತ್ತದೆ. ತೊವ್ವೆಯಲ್ಲಿ ಉಪ್ಪು ಆಗಲೇ ಇರುವುದರಿಂದ ರುಚಿ ನೋಡದೆ ಮತ್ತೆ ಸೇರಿಸಬಾರದು. ರಕ್ತದೊತ್ತಡವುಳ್ಳವರ ಮನೆಯಲ್ಲಂತೂ ಖಂಡಿತ ಕೂಡದು.

ಪೋಷಣೆಯ ದೃಷ್ಟಿಯಿಂದಲೂ ಇದು ಬರಿಯ ಹೊಟ್ಟೆ ತುಂಬಿಸುವ ಉಪಾಯವಲ್ಲ. ಅಕ್ಕಿಯಲ್ಲಿ ಕಡಿಮೆಯಿರುವ ಲೈಸೀನ್ ಎಂಬ ಅಂಶ ಬೇಳೆಯಲ್ಲಿದೆ, ಬೇಳೆಯಲ್ಲಿ ಕಡಿಮೆಯಿರುವ ಮೆಥಿಯೋನೀನ್ ಅಕ್ಕಿಯಲ್ಲಿದೆ. ಧಾನ್ಯದೊಡನೆ ಬೇಳೆಯನ್ನು ಕೂಡಿಸಿ ಉಣ್ಣಿರೆಂದು, 1958ರಲ್ಲಿ ಕೂನೂರಿನಿಂದ ಹೈದರಾಬಾದಿಗೆ ಬಂದು ತಾರ್ನಾಕಾದಲ್ಲಿ ನೆಲೆಗೊಂಡಿರುವ ರಾಷ್ಟ್ರೀಯ ಪೋಷಣ ಸಂಸ್ಥೆಯೂ ಹೇಳುತ್ತ ಬಂದಿದೆ. ತಣಿದ ಅನ್ನದ ಪಿಷ್ಟದಲ್ಲಿ ಒಂದಂಶ ಸುಲಭವಾಗಿ ಜೀರ್ಣವಾಗದ ರೂಪ ತಾಳುವುದು ನಿಜ. ಆದರೆ ಅದನ್ನೇ ನೆಪಮಾಡಿಕೊಂಡು ಮಧುಮೇಹಿಗಳು ಎಂಟು ಕಡುಬು ತಿನ್ನಲು ಅನುಮತಿ ದೊರೆಯಿತೆಂದು ತಿಳಿಯಬಾರದು.

ಇನ್ನು ಮುಖ್ಯವಾದ ಮಾತು. "ಮತ್ತೊಮ್ಮೆ ಕುದಿಸಿದರೆ ಎಲ್ಲ ದೋಷವೂ ಹೋಗುತ್ತದೆ" ಎಂಬ ನಂಬಿಕೆ ಸುಶಿಕ್ಷಿತರಲ್ಲಿಯೂ ಬಲವಾಗಿದೆ. ಅದು ಸುಳ್ಳು. ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಾಣುವಿನ ಬೀಜಕಣಗಳು ಅನ್ನ ಬೇಯುವಾಗಲೂ ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗೆ ಪಾತ್ರೆಯಲ್ಲಿಯೇ ಉಳಿದರೆ ಅವು ಮೊಳೆತು, ವೃದ್ಧಿಯಾಗಿ, ವಿಷವನ್ನು ಸ್ರವಿಸುತ್ತವೆ. ವಾಂತಿ ತರಿಸುವ ಆ ವಿಷ ಕುದಿತಕ್ಕೆ ಅಳಿಯುವಂಥದಲ್ಲ. ಉಂಡ ಅರ್ಧ ಗಂಟೆಯಿಂದ ಆರು ಗಂಟೆಯೊಳಗೆ ಅದರ ಪರಿಣಾಮ ತೋರುತ್ತದೆ. ವಾಸನೆಯಿಂದ ಇದು ಗೊತ್ತಾಗುವುದಿಲ್ಲ. ಆದ್ದರಿಂದ ಕಡುಬಿನ ಯೋಗ್ಯತೆ ನಿರ್ಣಯವಾಗುವುದು ಬೆಳಿಗ್ಗೆ ಒಲೆಯ ಮೇಲಲ್ಲ, ಹಿಂದಿನ ರಾತ್ರಿ ಊಟ ಮುಗಿದ ಗಳಿಗೆಯಲ್ಲಿ. ಉಳಿದ ಅನ್ನವನ್ನು ಕೂಡಲೇ ಅಗಲ ತಟ್ಟೆಗೆ ತೆಳ್ಳಗೆ ಹರವಿ ಆರಿಸಿ, ಬೇಯಿಸಿದ ಎರಡು ಗಂಟೆಗಳೊಳಗೆ ಶೀತಕದ ಪೆಟ್ಟಿಗೆಗೆ ಸೇರಿಸಬೇಕು. ನಲವತ್ತು ಡಿಗ್ರಿ ದಾಟುವ ನಮ್ಮ ಹೈದರಾಬಾದಿನ ಮೇ ತಿಂಗಳಲ್ಲಿ ಒಂದೇ ಗಂಟೆ. ತೊವ್ವೆಗೂ ಇದೇ ನಿಯಮ. ರಾತ್ರಿಯೆಲ್ಲ ಕಟ್ಟೆಯ ಮೇಲೆ ಉಳಿದದ್ದನ್ನು ಮುಲಾಜಿಲ್ಲದೆ ಚೆಲ್ಲಬೇಕು. ಆಗ ಪರಬ್ರಹ್ಮನ ಹೆಸರು ಹೇಳಿ ಯಾರ ಬಾಯಿಗೂ ತುರುಕಬಾರದು.

ಇಷ್ಟು ಕೆಲಸವೂ ಮತ್ತೆ ಅದೇ ಹೆಂಗಸಿನ ಹೆಗಲಿಗೇ ಬೀಳುವುದಿಲ್ಲವೇ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಅನ್ನ ಹರವುವುದಕ್ಕೆ ಪಾಕಶಾಸ್ತ್ರದ ಪಾಂಡಿತ್ಯ ಬೇಕಿಲ್ಲ. ಊಟವಾದ ಮೇಲೆ ಟೆಲಿವಿಷನ್ನಿನ ಮುಂದೆ ಕೂರುವ ಯಜಮಾನರು ಎರಡು ನಿಮಿಷ ಅಡಿಗೆಮನೆಗೆ ಹೋಗಿ ಬರಬಹುದು. ಬೇಯಿಸಿದ ಕಡುಬು ಒಂದೇ ಹೊತ್ತಿನಲ್ಲಿ ಮುಗಿಯುವಷ್ಟಿರಲಿ. ಹಸುಗೂಸುಗಳಿಗೆ, ಗರ್ಭಿಣಿಯರಿಗೆ, ಕಾಯಿಲೆಯಿಂದ ಎದ್ದವರಿಗೆ ಅಂದಿನ ಅಡಿಗೆಯೇ ಸರಿ. ಉಳಿದವರೆಲ್ಲರೂ ಪಾತ್ರೆಯನ್ನು ನಡುವೆ ಇಟ್ಟುಕೊಂಡು, ಮೇಲೆ ಒಂದು ಚಮಚ ತುಪ್ಪ ಹಾಕಿಕೊಂಡು, ಬಿಸಿಯಿರುವಾಗಲೇ ಒಟ್ಟಿಗೆ ಉಣ್ಣಲಿ.