ಎಂಬಿಎ: ಸಂದರ್ಶನದಿಂದ ಸಂಬಳದವರೆಗೆ, ಫಲಕದಲ್ಲಿಲ್ಲದ ಲೆಕ್ಕ



ಪದವಿ ಫಲಿತಾಂಶದ ಸಮಯ ಬಂತೆಂದರೆ ಸಾಕು, ಮಂಗಳೂರಿನ ಪಂಪ್‌ವೆಲ್‌ನಿಂದ ಹಂಪನಕಟ್ಟೆಯವರೆಗೆ ಎಂಬಿಎ ಕಾಲೇಜುಗಳ ಫಲಕಗಳು ಏಳುತ್ತವೆ. ಕೋಟು, ಟೈ ಧರಿಸಿದ ನಗುಮೊಗದ ಯುವಕ ಯುವತಿಯರು. ಕೆಳಗೆ ದಪ್ಪ ಅಕ್ಷರದಲ್ಲಿ 'ಅತಿ ಹೆಚ್ಚಿನ ಪ್ಯಾಕೇಜ್ ಇಷ್ಟು ಲಕ್ಷ'. ಇಂಥದ್ದೇ ಒಂದು ಕಾಲೇಜಿನ ಕರಪತ್ರ ಮತ್ತು ಬ್ಯಾಂಕಿನ ಸಾಲದ ಅರ್ಜಿ ಹಿಡಿದುಕೊಂಡು ಪರಿಚಿತರೊಬ್ಬರು ನನ್ನ ಕಚೇರಿಗೆ ಬಂದಿದ್ದರು. ಹದಿನೆಂಟು ವರ್ಷ ಗಲ್ಫಿನಲ್ಲಿ ದುಡಿದು ಊರಿಗೆ ಮರಳಿದವರು. ತಂಗಿಯ ಮಗನಿಗೆ ಎಂಬಿಎ ಸೀಟು ಸಿಕ್ಕಿದೆ, ಸಾಲಕ್ಕೆ ಇವರು ತಮ್ಮ ಹತ್ತು ಸೆಂಟ್ಸ್ ಜಾಗದ ದಾಖಲೆ ಇಟ್ಟು ಜಾಮೀನು ನಿಲ್ಲಬೇಕು. "ಫಾದರ್, ಸಹಿ ಹಾಕದಿದ್ದರೆ ತಂಗಿಗೆ ಬೇಸರ, ಹಾಕಿದರೆ ನನಗೆ ನಿದ್ದೆ ಇಲ್ಲ. ಏನು ಮಾಡುವುದು ಹೇಳಿ" ಎಂದರು.

ಆ ದಿನ ನನ್ನಲ್ಲಿ ಉತ್ತರವಿರಲಿಲ್ಲ. ಎರಡು ವಾರ ಸಮಯ ಕೇಳಿ, ಎಂಬಿಎ ಓದುತ್ತಿರುವ ಮತ್ತು ಓದಿ ಮುಗಿಸಿದ ಕೆಲವು ಮಕ್ಕಳ ಜೊತೆ ಕುಳಿತು ಮಾತನಾಡಿದೆ. ಅದರಿಂದ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ, ನಮ್ಮ ಕರಾವಳಿಯ ಮಕ್ಕಳು ಈ ದಾರಿಗೆ ಬಂದದ್ದು ಹೇಗೆ? ಹಿಂದೆ ಇಲ್ಲಿ ಬಿ.ಕಾಂ. ಮುಗಿಸಿದವನಿಗೆ ಎರಡು ಬಾಗಿಲುಗಳಿದ್ದವು. ಒಂದು ಬ್ಯಾಂಕು, ಇನ್ನೊಂದು ಗಲ್ಫು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್, 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ ಬ್ಯಾಂಕ್ ಹೀಗೆ ಸಾಲುಸಾಲಾಗಿ ಹುಟ್ಟಿದ ಜಿಲ್ಲೆ ಇದು. ನಮ್ಮವರದೇ ಮಂಗಳೂರು ಕ್ಯಾಥೊಲಿಕ್ ಸಹಕಾರಿ ಬ್ಯಾಂಕು 1912ರದ್ದು. ಮನೆಗೊಬ್ಬ ಬ್ಯಾಂಕ್ ನೌಕರ ಇದ್ದ ಕಾಲ ಅದು. ಈಗ 2019ರಲ್ಲಿ ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿಹೋಯಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಕೆನರಾದಲ್ಲಿ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದವು. ಹೆಚ್ಚಿನ ಸರಕಾರಿ ಬ್ಯಾಂಕುಗಳ ನೇಮಕಾತಿಗೆ ದೇಶಕ್ಕೆಲ್ಲ ಒಂದೇ ಪರೀಕ್ಷೆ. ಗಲ್ಫಿನಲ್ಲೂ ಬರೇ ಬಿ.ಕಾಂ.ಗೆ ಮೊದಲಿನ ಬೆಲೆ ಇಲ್ಲ. ಹೀಗೆ ಬಿ.ಕಾಂ. ಬಿಟ್ಟುಹೋದ ಜಾಗದಲ್ಲಿ ಎಂಬಿಎ ಬಂದು ಕುಳಿತಿದೆ. ಹೆತ್ತವರ ಮನಸ್ಸಿನಲ್ಲಿ ಮಾತ್ರ ಹಳೆಯ ಲೆಕ್ಕವೇ ಉಳಿದಿದೆ: ಓದಿದರೆ ಕೆಲಸ ಖಂಡಿತ!

ಪ್ರವೇಶದ ಹಂತವೇ ಒಂದು ಓಟ. ಐಐಎಂಗಳು ನಡೆಸುವ ಕ್ಯಾಟ್ ಪರೀಕ್ಷೆ ನವೆಂಬರ್ ಕೊನೆಗೆ, ಜೆಸ್ವಿತ್ ಗುರುಗಳ ಜಮ್ಶೆಡ್‌ಪುರದ ಎಕ್ಸ್‌ಎಲ್‌ಆರ್‌ಐ ನಡೆಸುವ ಕ್ಸ್ಯಾಟ್ ಜನವರಿ ಆರಂಭಕ್ಕೆ. 2024ರ ಕ್ಯಾಟ್ ಬರೆದವರು 2.93 ಲಕ್ಷ ಮಂದಿ. ಐಐಎಂಗಳ ಎರಡು ವರ್ಷದ ಮುಖ್ಯ ಕೋರ್ಸಿನ ಸೀಟುಗಳೋ ಕೆಲವೇ ಸಾವಿರ. ಪರೀಕ್ಷೆಯ ಅಂಕದ ಜೊತೆ ಹತ್ತನೇ ತರಗತಿ, ಪಿಯುಸಿ, ಪದವಿಯ ಅಂಕ, ಕೆಲಸದ ಅನುಭವ ಎಲ್ಲವನ್ನೂ ತೂಗಿ ಸಂದರ್ಶನಕ್ಕೆ ಕರೆಯುತ್ತಾರೆ. ಪಿಯುಸಿಯಲ್ಲಿ ಎಡವಿದವನಿಗೆ ಆ ಅಂಕ ಐದು ವರ್ಷ ಕಳೆದರೂ ಬೆನ್ನು ಬಿಡುವುದಿಲ್ಲ. ಇದನ್ನು ಪಿಯುಸಿ ಓದುವಾಗಲೇ ಹೇಳುವವರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆ?

ಸಂದರ್ಶನದ ಬಗ್ಗೆ ಮಲ್ಪೆ ಕಡೆಯ ಹುಡುಗನೊಬ್ಬ ಹೇಳಿದ ಸಂಗತಿ ನನಗೆ ಬಹಳ ಹಿಡಿಸಿತು. ಕೋಚಿಂಗ್ ತರಗತಿಯಲ್ಲಿ ಬಾಯಿಪಾಠ ಮಾಡಿಸಿದ್ದ 'ನಾಯಕತ್ವದ ಗುಣ', 'ಸವಾಲುಗಳನ್ನು ಎದುರಿಸುವ ಛಲ' ಎಲ್ಲವನ್ನೂ ಇಂಗ್ಲಿಷಿನಲ್ಲಿ ಒಪ್ಪಿಸಿದನಂತೆ. ಎದುರಿಗಿದ್ದ ಮೂವರ ಮುಖದಲ್ಲೂ ಕಳೆ ಇಲ್ಲ. ನಿಮ್ಮ ಜಿಲ್ಲೆಯ ಬ್ಯಾಂಕುಗಳು ಏಕೆ ವಿಲೀನವಾದವು ಎಂದು ಕೇಳಿದರು, ಇವನಿಗೆ ಗೊತ್ತಿಲ್ಲ. ಕೊನೆಗೆ ಒಬ್ಬರು, ತಂದೆಯ ಉದ್ಯೋಗವೇನು ಎಂದರು. ಮೀನುಗಾರಿಕೆ ಬೋಟಿನಲ್ಲಿ ತಾಂಡೇಲ ಎಂದ. ಹಾಗಾದರೆ ಮೀನು ಮಾರಿದ ದುಡ್ಡು ಹೇಗೆ ಹಂಚಿಕೆಯಾಗುತ್ತದೆ ಹೇಳು ಎಂದರು. ಡೀಸೆಲ್, ಐಸ್, ರೇಷನ್ ಖರ್ಚು ಮೊದಲು ಕಳೆಯುವುದು, ಉಳಿದದ್ದರಲ್ಲಿ ಬೋಟಿನ ಮಾಲಕರ ಪಾಲು, ಕೆಲಸದವರ ಪಾಲು, ಅದರಲ್ಲಿ ತಾಂಡೇಲನ ಪಾಲು, ಮೀನು ಸಿಗದ ದಿನ ನಷ್ಟ ಯಾರ ಮೇಲೆ ಬೀಳುತ್ತದೆ ಎಂದೆಲ್ಲ ಹತ್ತು ನಿಮಿಷ ಹೇಳಿದನಂತೆ, ಅರ್ಧ ಇಂಗ್ಲಿಷು, ಅರ್ಧ ಹಿಂದಿ. ಸೀಟು ಸಿಕ್ಕಿತು. "ಫಾದರ್, ಅಪ್ಪನ ಕೆಲಸ ಹೇಳಲು ನನಗೆ ಮೊದಲು ನಾಚಿಕೆಯಾಗಿತ್ತು" ಎಂದ.

ಎಲ್ಲರಿಗೂ ಹೀಗಾಗುವುದಿಲ್ಲ. ದೊಡ್ಡ ಸಂಸ್ಥೆಗಳ ಪಟ್ಟಿಯಲ್ಲಿ ಹೆಸರು ಬಾರದವರಿಗೆ ಎರಡು ಮೂರು ದಿನಗಳಲ್ಲಿ ಬೇರೆ ಕಾಲೇಜುಗಳಿಂದ ಕರೆ ಬರುತ್ತದೆ. ಸೀಟು ಕಾಯ್ದಿರಿಸಲು ತಕ್ಷಣ ಇಷ್ಟು ಸಾವಿರ ಕಟ್ಟಿ, ಇಲ್ಲವಾದರೆ ಹೋಯಿತು ಎಂಬ ಒತ್ತಡ. ಗಾಬರಿಯಲ್ಲಿ ಕಟ್ಟಿ, ಆಮೇಲೆ ಒಳ್ಳೆಯ ಸೀಟು ಸಿಕ್ಕಿದಾಗ ಹಣ ವಾಪಸು ಸಿಗದೆ ಅಲೆದ ಕುಟುಂಬವೊಂದನ್ನು ನಾನು ಬಲ್ಲೆ. ಎಐಸಿಟಿಇ ಮಾನ್ಯತೆ ಪಡೆದ ಸಂಸ್ಥೆಯಾದರೆ, ಕೋರ್ಸ್ ಆರಂಭವಾಗುವ ಮೊದಲು ಹಿಂದೆ ಸರಿದ ವಿದ್ಯಾರ್ಥಿಯ ಶುಲ್ಕದಿಂದ ರೂ. 1,000ಕ್ಕಿಂತ ಹೆಚ್ಚು ಹಿಡಿದುಕೊಳ್ಳುವಂತಿಲ್ಲ, ಮೂಲ ಅಂಕಪಟ್ಟಿಗಳನ್ನು ಇಟ್ಟುಕೊಳ್ಳುವಂತೆಯೂ ಇಲ್ಲ. ಈ ನಿಯಮ ತಿಳಿಯದೆ ಸುಮ್ಮನಾಗುವವರೇ ಹೆಚ್ಚು.

ಕಾಲೇಜು ಸೇರಿದ ಮೇಲೆ? ಮೊದಲ ಮೂರು ತಿಂಗಳು ಉಸಿರು ಬಿಡಲು ಪುರುಸೊತ್ತಿಲ್ಲ ಎನ್ನುವುದು ಎಲ್ಲರ ಮಾತು. ಲೆಕ್ಕಪತ್ರ, ಸಂಖ್ಯಾಶಾಸ್ತ್ರ, ಅರ್ಥಶಾಸ್ತ್ರ, ಮಾರ್ಕೆಟಿಂಗ್ ಒಟ್ಟೊಟ್ಟಿಗೆ. ಯಾವುದೋ ಕಂಪನಿಯ ಇಪ್ಪತ್ತು ಪುಟದ ಕಥೆ ರಾತ್ರಿ ಓದಿ, ಬೆಳಿಗ್ಗೆ ತರಗತಿಯಲ್ಲಿ 'ನೀನಾಗಿದ್ದರೆ ಏನು ಮಾಡುತ್ತಿದ್ದೆ' ಎಂಬುದಕ್ಕೆ ಉತ್ತರಿಸಬೇಕು. ಬಾಯಿ ಬಿಡದವನಿಗೆ ಅಂಕವಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿಯೊಬ್ಬಳು, ಉತ್ತರ ಗೊತ್ತಿದ್ದೂ ವಾಕ್ಯ ಜೋಡಿಸುವಷ್ಟರಲ್ಲಿ ಇನ್ನೊಬ್ಬ ಹೇಳಿ ಮುಗಿಸುತ್ತಿದ್ದ ಎಂದಳು. ಹಲವು ಕಡೆ ಅಂಕ ಕೊಡುವುದೂ ಸಹಪಾಠಿಗಳ ಜೊತೆ ಹೋಲಿಸಿಯೇ. ಪಕ್ಕದ ಕೋಣೆಯ ಗೆಳೆಯ ಮೇಲೇರಿದರೆ ನೀವು ಕೆಳಗಿಳಿದಂತೆ. ಹಾಸ್ಟೆಲಿನ ಸ್ನೇಹಕ್ಕೂ ಇದರ ನೆರಳು ತಾಗುತ್ತದೆ.

ನನ್ನನ್ನು ಹೆಚ್ಚು ಚಕಿತಗೊಳಿಸಿದ್ದು ಇನ್ನೊಂದು ವಿಷಯ. ಎರಡು ವರ್ಷ ಓದಿ ಆಮೇಲೆ ಕೆಲಸ ಹುಡುಕುತ್ತಾರೆ ಎಂದು ನಾವೆಲ್ಲ ತಿಳಿದಿದ್ದೇವೆ. ಹಾಗಿಲ್ಲ. ಜೂನ್, ಜುಲೈಯಲ್ಲಿ ಸೇರಿದವರಿಗೆ ಮುಂಚೂಣಿ ಸಂಸ್ಥೆಗಳಲ್ಲಿ ಅಕ್ಟೋಬರ್, ನವೆಂಬರ್‌ನಲ್ಲೇ ಬೇಸಿಗೆ ಇಂಟರ್ನ್‌ಶಿಪ್‌ನ ಸಂದರ್ಶನಗಳು ಶುರು. ಆ ಎರಡು ತಿಂಗಳ ಕೆಲಸ ಚೆನ್ನಾಗಿ ಮಾಡಿದವನಿಗೆ ಅದೇ ಕಂಪನಿ ಮುಂಗಡವಾಗಿ ಕೆಲಸ ಕೊಡುವುದುಂಟು. ಅಂದರೆ ಪೆಟ್ಟಿಗೆ ಬಿಚ್ಚಿ ನಾಲ್ಕು ತಿಂಗಳಾಗುವ ಮೊದಲೇ ಭವಿಷ್ಯದ ಅರ್ಧ ಭಾಗ ನಿರ್ಧಾರವಾಗಿರುತ್ತದೆ! ಉಳಿದ ಕಾಲವೆಲ್ಲ ಬಯೋಡಾಟಾ ತಿದ್ದುವುದರಲ್ಲಿ, ಪ್ಲೇಸ್‌ಮೆಂಟ್ ಸಮಿತಿಯ ಇ-ಮೇಲ್ ಕಾಯುವುದರಲ್ಲಿ ಹೋಗುತ್ತದೆ. 1949ರಲ್ಲಿ ಫಾದರ್ ಕ್ವಿನ್ ಎನ್ರೈಟ್ ಎಂಬ ಜೆಸ್ವಿತ್ ಗುರುಗಳು ಸ್ಥಾಪಿಸಿದ ಎಕ್ಸ್‌ಎಲ್‌ಆರ್‌ಐಯ ಹೆಸರಿನಲ್ಲಿ 'ಕಾರ್ಮಿಕ ಸಂಬಂಧ' ಎಂಬ ಪದವಿದೆ. ಆಡಳಿತ ಎಂದರೆ ಕೆಲಸಗಾರ ಮತ್ತು ಮಾಲಕರ ನಡುವಿನ ಸಂಬಂಧ ಎಂದು ತಿಳಿದ ಕಾಲ ಅದು. ಇಂದು ಯಾವ ಕಾಲೇಜಿನ ಫಲಕದಲ್ಲಿ ಆ ಪದ ಕಾಣುತ್ತದೆ?

ಈಗ ಹಣದ ವಿಷಯಕ್ಕೆ ಬರೋಣ. 2004ರಲ್ಲಿ ಅಂದಿನ ಸಚಿವ ಮುರಳಿ ಮನೋಹರ ಜೋಶಿಯವರು ಐಐಎಂಗಳ ವಾರ್ಷಿಕ ಶುಲ್ಕವನ್ನು ಒಂದೂವರೆ ಲಕ್ಷದಿಂದ 30 ಸಾವಿರಕ್ಕೆ ಇಳಿಸಲು ಆದೇಶಿಸಿದಾಗ ದೇಶವೆಲ್ಲ ಚರ್ಚೆಯಾಗಿತ್ತು. ಸರಕಾರ ಬದಲಾಗಿ ಆ ಆದೇಶ ಉಳಿಯಲಿಲ್ಲ. ಈಗ ಹಳೆಯ ಐಐಎಂಗಳಲ್ಲಿ ಎರಡು ವರ್ಷದ ಶುಲ್ಕ ರೂ. 25 ಲಕ್ಷದ ಆಸುಪಾಸು. ಅಲ್ಲಿ ಸೇರಿದವರಿಗೆ ಬ್ಯಾಂಕುಗಳೇ ಮುಂದೆ ಬಂದು ಸಾಲ ಕೊಡುತ್ತವೆ. ಕಷ್ಟ ಇರುವುದು ನಡುವಿನ ಕಾಲೇಜುಗಳಲ್ಲಿ, ನಮ್ಮ ಹೆಚ್ಚಿನ ಮಕ್ಕಳು ಸೇರುವಲ್ಲಿ.

ನನ್ನ ಪರಿಚಿತರ ಅಳಿಯನ ಲೆಕ್ಕವನ್ನೇ ನೋಡಿ. ಶುಲ್ಕ, ಹಾಸ್ಟೆಲ್ ಸೇರಿ ವರ್ಷಕ್ಕೆ 6 ಲಕ್ಷದಂತೆ 12 ಲಕ್ಷ ಸಾಲ, ಬಡ್ಡಿ ಶೇ. 10 ಎಂದಿಟ್ಟುಕೊಳ್ಳಿ. ಓದುವಾಗ ಕಂತು ಕಟ್ಟಬೇಕಾಗಿಲ್ಲ, ನಿಜ; ಆದರೆ ಬಡ್ಡಿ ಓಡುತ್ತಲೇ ಇರುತ್ತದೆ. ಎರಡು ವರ್ಷ ಓದಿ ಆರು ತಿಂಗಳು ಕಳೆಯುವಷ್ಟರಲ್ಲಿ ಬಡ್ಡಿಯೇ 2.4 ಲಕ್ಷ. ಒಟ್ಟು 14.4 ಲಕ್ಷವನ್ನು ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು ರೂ. 19,000 ಕಂತು. ಇನ್ನು ಸಂಬಳ. ವರ್ಷಕ್ಕೆ 6 ಲಕ್ಷದ ಪ್ಯಾಕೇಜ್ ಅಂದರೆ ತಿಂಗಳಿಗೆ 50 ಸಾವಿರ ಎಂದು ಮನೆಯವರು ಭಾಗಿಸಿಬಿಡುತ್ತಾರೆ. ಆದರೆ ಅದರಲ್ಲಿ ಗುರಿ ಮುಟ್ಟಿದರೆ ಮಾತ್ರ ಸಿಗುವ ಭಾಗ, ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಟಿ, ವಿಮೆ ಎಲ್ಲವೂ ಸೇರಿರುತ್ತದೆ. ಗುರಿಯ ಭಾಗ ಒಂದು ಲಕ್ಷದ ಮೇಲಿದ್ದರೆ ಕೈಗೆ ಬರುವುದು 34, 35 ಸಾವಿರ. ಕಂತು ಹೋಗಿ ಉಳಿದ 15 ಸಾವಿರದಲ್ಲಿ ಬೆಂಗಳೂರಿನ ಪಿಜಿ ಬಾಡಿಗೆ, ಊಟ, ಬಸ್ಸು, ಮನೆಗೆ ಏನಾದರೂ. ಹುಡುಗ ಸೋಮಾರಿಯಲ್ಲ, ದುಂದುಗಾರನೂ ಅಲ್ಲ, ಲೆಕ್ಕವೇ ಹಾಗಿದೆ.

ಅದೇ ಫಲಕದ ಅಂಕಿಯನ್ನೂ ಸ್ವಲ್ಪ ಬಿಡಿಸಿ ನೋಡಬೇಕು. ಹತ್ತು ಮಂದಿಯಲ್ಲಿ ಒಂಬತ್ತು ಮಂದಿಗೆ 6 ಲಕ್ಷ, ಒಬ್ಬನಿಗೆ 36 ಲಕ್ಷ ಸಿಕ್ಕಿದರೆ 'ಅತಿ ಹೆಚ್ಚಿನ ಪ್ಯಾಕೇಜ್ 36 ಲಕ್ಷ, ಸರಾಸರಿ 9 ಲಕ್ಷ' ಎಂದು ಬರೆಯಬಹುದು, ಒಂದು ಅಕ್ಷರವೂ ಸುಳ್ಳಲ್ಲ. ಸಾಲಿನ ನಡುವೆ ನಿಂತವನಿಗೆ ಸಿಕ್ಕಿದ್ದು ಮಾತ್ರ ಆರೇ ಲಕ್ಷ. ಈ ನಡುವಿನ ಅಂಕಿಗೆ ಮೀಡಿಯನ್ ಎನ್ನುತ್ತಾರೆ. ಕೇಳಬೇಕಾದ್ದು ಅದನ್ನು. ಅಹಮದಾಬಾದಿನ ಐಐಎಂ ಮುಂದಾಳತ್ವದಲ್ಲಿ 2010ರ ದಶಕದ ಆರಂಭದಲ್ಲಿ ಪ್ಲೇಸ್‌ಮೆಂಟ್ ವರದಿಗೆ ಒಂದು ಮಾದರಿಯನ್ನೇ ರೂಪಿಸಲಾಯಿತು. ಲೆಕ್ಕ ತಪಾಸಣೆ ಮಾಡಿಸಿ ಪ್ರಕಟಿಸುವ ಸಂಸ್ಥೆಗಳಿವೆ. ಮಾಡಲಾಗದ್ದೇನೂ ಅಲ್ಲ ಎಂದಾಯಿತು.

ದೊಡ್ಡ ಹೆಸರೂ ಈಗ ಪೂರ್ಣ ರಕ್ಷಣೆಯಲ್ಲ. ಅಮೆರಿಕದ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ 2024ರಲ್ಲಿ ಪದವಿ ಪಡೆದು ಕೆಲಸ ಹುಡುಕಿದವರಲ್ಲಿ ಶೇ. 23 ಮಂದಿ ಮೂರು ತಿಂಗಳ ನಂತರವೂ ಹುಡುಕುತ್ತಲೇ ಇದ್ದರು; 2022ರಲ್ಲಿ ಅದು ಶೇ. 10 ಇತ್ತು. ನಮ್ಮ ದೇಶದಲ್ಲೂ 2024ರ ಆರಂಭದಲ್ಲಿ ಹೆಸರಾಂತ ಸಂಸ್ಥೆಗಳು ಹಳೆ ವಿದ್ಯಾರ್ಥಿಗಳ ನೆರವು ಕೋರಿದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಐಟಿ ಮತ್ತು ಸಲಹಾ ಕಂಪನಿಗಳು ನೇಮಕಾತಿಯಲ್ಲಿ ಕೈ ಬಿಗಿ ಹಿಡಿದದ್ದು ಇದಕ್ಕೆ ಮುಖ್ಯ ಕಾರಣ.

ಇಲ್ಲಿ ಒಂದು ಮಾತು ನಮ್ಮ ಬಗ್ಗೆಯೇ ಹೇಳಬೇಕಾಗಿದೆ. ಮೇಲೆ ಹೇಳಿದ ಆ ಕನ್ನಡ ಮಾಧ್ಯಮದ ಹುಡುಗಿ ಕೋರ್ಸ್ ಮುಗಿಸಿ ಏಳು ತಿಂಗಳು ಮನೆಯಲ್ಲಿದ್ದಳು. ಕಾಲೇಜಿನ ಮೂಲಕ ಸಿಕ್ಕಿದ್ದು ವಿಮೆ ಮಾರುವ ಕೆಲಸ, ಗುರಿ ಮುಟ್ಟದೆ ಎರಡೇ ತಿಂಗಳಲ್ಲಿ ಬಿಡಬೇಕಾಯಿತು. ಆ ಏಳು ತಿಂಗಳು ಅವಳು ಭಾನುವಾರ ಬೆಳಗಿನ ಮೊದಲ ಪೂಜೆಗೇ ಬಂದು, ಮುಗಿಯುವ ಮೊದಲೇ ಹೊರಟುಬಿಡುತ್ತಿದ್ದಳು. ಕಾರಣ ಕೇಳಿದಾಗ, "ಹೊರಗೆ ನಿಂತರೆ ಎಲ್ಲ ಆಂಟಿಯರೂ ಕೆಲಸ ಆಯಿತಾ ಅಂತ ಕೇಳುತ್ತಾರೆ ಫಾದರ್" ಎಂದಳು. ಅವಳ ನೋಟು ಪುಸ್ತಕದಲ್ಲಿ ಅರುವತ್ತಕ್ಕೂ ಹೆಚ್ಚು ಅರ್ಜಿಗಳ ಪಟ್ಟಿ ಇತ್ತು: ಕಂಪನಿ, ದಿನಾಂಕ, ಉತ್ತರ. ಉತ್ತರದ ಸಾಲು ಬಹುತೇಕ ಖಾಲಿ. ಕೊನೆಗೆ ಕೆಲಸ ಸಿಕ್ಕಿದ್ದು ಹಿರಿಯ ವಿದ್ಯಾರ್ಥಿನಿಯೊಬ್ಬಳ ಒಂದು ಫೋನ್ ಕರೆಯಿಂದ, ಇಲ್ಲೇ ಮಂಗಳೂರಿನಲ್ಲಿ. ನಮ್ಮ ಇಗರ್ಜಿಗಳಲ್ಲಿ ಬ್ಯಾಂಕ್ ಮ್ಯಾನೇಜರ್‌ಗಳು, ಕಂಪನಿಗಳ ಎಚ್‌ಆರ್ ಅಧಿಕಾರಿಗಳು, ನಿವೃತ್ತರು ಎಷ್ಟು ಮಂದಿ ಇಲ್ಲ! ಅವರಲ್ಲಿ ಒಬ್ಬರು ಒಂದು ಶನಿವಾರ ಸಂಜೆ ನಾಲ್ಕು ಮಕ್ಕಳನ್ನು ಕೂರಿಸಿ ಸಂದರ್ಶನದ ಅಭ್ಯಾಸ ಮಾಡಿಸಿದರೆ, ಅದು ಕೋಚಿಂಗ್ ಕೇಂದ್ರದಲ್ಲಿ ಹಣ ಕೊಟ್ಟು ಪಡೆಯುವ ಸಹಾಯವೇ.

ಇನ್ನು ಆ ಜಾಮೀನಿನ ವಿಷಯ. ಎರಡು ವಾರದ ನಂತರ ಅವರು ಬಂದಾಗ ಅಳಿಯನನ್ನೂ ಕರೆತರಲು ಹೇಳಿದ್ದೆ. ಕೇಂದ್ರ ಸರಕಾರ 2024ರ ನವೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಆಯ್ದ ಸಂಸ್ಥೆಗಳಿಗೆ ಸೇರಿದವರಿಗೆ ಆಸ್ತಿ ಅಡವು, ಜಾಮೀನು ಎರಡೂ ಇಲ್ಲದೆ ಸಾಲ ಸಿಗುತ್ತದೆ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಓದುವ ಅವಧಿಯಲ್ಲಿ ಶೇ. 3 ಬಡ್ಡಿ ರಿಯಾಯಿತಿಯೂ ಇದೆ. ಮೊದಲು ಆ ಪಟ್ಟಿಯಲ್ಲಿ ಕಾಲೇಜಿನ ಹೆಸರು ಹುಡುಕಿದೆವು. ಇರಲಿಲ್ಲ. ಆಮೇಲೆ ಹುಡುಗನೇ ಕಾಲೇಜಿಗೆ ಪತ್ರ ಬರೆದ: ಕಳೆದ ವರ್ಷ ಕೆಲಸಕ್ಕೆ ಹೆಸರು ಕೊಟ್ಟವರೆಷ್ಟು, ಸಿಕ್ಕಿದವರೆಷ್ಟು? ಮೀಡಿಯನ್ ಸಂಬಳ ಎಷ್ಟು, ಅದರಲ್ಲಿ ನಿಶ್ಚಿತ ಭಾಗ ಎಷ್ಟು? ಒಂದು ವರ್ಷದ ನಂತರ ಅದೇ ಕೆಲಸದಲ್ಲಿ ಉಳಿದವರೆಷ್ಟು?

ಮೊದಲ ಎರಡಕ್ಕೆ ಉತ್ತರ ಬಂದಿದೆ. ಮೂರನೆಯದಕ್ಕೆ 'ಕ್ಯಾಂಪಸ್‌ಗೆ ಬಂದು ಭೇಟಿಯಾಗಿ' ಎಂದಿದ್ದಾರೆ. ಮಾವ, ಅಳಿಯ ಇಬ್ಬರೂ ಬರುವ ಬುಧವಾರ ಹೋಗುವವರಿದ್ದಾರೆ. ಜಾಗದ ದಾಖಲೆ ಸದ್ಯಕ್ಕೆ ಮನೆಯ ಕಪಾಟಿನಲ್ಲೇ ಇದೆ.