ಹುಡುಗ ದೊಡ್ಡವನಾದ, ಮುಂದೇನು?

ಪ್ರತಿ ವರ್ಷ ಏಪ್ರಿಲ್ 2ರಂದು ವಿಶ್ವ ಆಟಿಸಂ ದಿನ ಬರುತ್ತದೆ. 2007ರಲ್ಲಿ ವಿಶ್ವಸಂಸ್ಥೆ ಗೊತ್ತುಪಡಿಸಿ, 2008ರಿಂದ ಆಚರಣೆಗೆ ಬಂದ ದಿನ ಇದು. ಅಂದು ಪತ್ರಿಕೆಗಳಲ್ಲಿ ಅಚ್ಚಾಗುವ ಚಿತ್ರಗಳನ್ನು ಗಮನಿಸಿ. ಬಹುತೇಕ ಎಲ್ಲವೂ ಮೂರು ನಾಲ್ಕು ವರ್ಷದ ಮಕ್ಕಳವು. ಬಣ್ಣದ ಮರದ ತುಂಡುಗಳನ್ನು ಸಾಲಾಗಿ ಜೋಡಿಸುತ್ತ, ಯಾರ ಕಡೆಗೂ ನೋಡದೆ ಕುಳಿತ ಮಗು. ಈ ಮಗುವಿಗೆ ಮುಂದೆ ಮೀಸೆ ಮೂಡುವುದಿಲ್ಲವೇ? ಇಪ್ಪತ್ತು, ನಲವತ್ತು, ಅರವತ್ತು ಆಗುವುದಿಲ್ಲವೇ? ಆಟಿಸಂ, ಅಂದರೆ ಸ್ವಲೀನತೆ, ವಯಸ್ಸಿನೊಡನೆ ಬಿಟ್ಟುಹೋಗುವ ಬಾಲ್ಯದ ಕಾಯಿಲೆಯಲ್ಲ. ಅದು ಮಿದುಳು ಬೆಳೆದು ಬಂದ ರೀತಿ. ಮಗುವಿದ್ದಾಗ ಇದ್ದದ್ದು ಮುದುಕನಾದಾಗಲೂ ಇರುತ್ತದೆ.

ಆದರೆ ಹದಿನೆಂಟು ತುಂಬಿತೋ, ಒಬ್ಬೊಬ್ಬರೇ ಕೈಬಿಡುತ್ತಾರೆ. ಮಕ್ಕಳ ವೈದ್ಯರು ‘ಇನ್ನು ದೊಡ್ಡವರ ಡಾಕ್ಟರಿಗೆ ತೋರಿಸಿ’ ಎನ್ನುತ್ತಾರೆ. ಶಾಲೆ ಮುಗಿದಿರುತ್ತದೆ. ಕಾನೂನಿನ ಪ್ರಕಾರ ತಂದೆತಾಯಿ ಸಹಜ ಪೋಷಕರಾಗಿ ಉಳಿಯುವುದಿಲ್ಲ. ಅಂದಿನಿಂದ ಎಲ್ಲವೂ ಮನೆಯವರ ಹೆಗಲಿಗೆ.

ಗದಗ ತಾಲ್ಲೂಕಿನ ಅಂತೂರ ಬೆಂತೂರದಂಥ ಊರಿನ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಊರಿನ ಹೆಸರೇ ಜೋಡಿ ಹೆಸರು, ಒಂದನ್ನು ಬಿಟ್ಟು ಇನ್ನೊಂದನ್ನು ಯಾರೂ ಹೇಳುವುದಿಲ್ಲ. ಸುತ್ತ ಎರಿಹೊಲ, ಜೋಳ, ಹತ್ತಿ, ಕಡಲೆ, ಮೆಣಸಿನಕಾಯಿ. ಮನೆಯಲ್ಲಿ ಇಪ್ಪತ್ತೈದರ ಮಗ. ಮಾತು ಕಡಿಮೆ. ಆಡಿದ ಮಾತನ್ನೇ ತಿರುಗಿ ಆಡುತ್ತಾನೆ. ರೊಟ್ಟಿ ಬಡಿಯುವ ಸಪ್ಪಳಕ್ಕೆ ಕಿವಿ ಮುಚ್ಚಿಕೊಳ್ಳುತ್ತಾನೆ. ಬಸ್ಸು ಎಷ್ಟು ಗಂಟೆಗೆ ಬರುತ್ತದೆ ಎಂಬುದು ಮಾತ್ರ ಕಂಡಕ್ಟರಿಗಿಂತ ಚೆನ್ನಾಗಿ ಅವನಿಗೆ ಗೊತ್ತು. ಊರವರು ಅವನಿಗೆ ಒಂದು ಅಡ್ಡಹೆಸರು ಇಟ್ಟಿರುತ್ತಾರೆ. ಕೆಡುಕಿನಿಂದಲ್ಲ, ಬೇರೆ ಹೆಸರು ಗೊತ್ತಿಲ್ಲದ್ದಕ್ಕೆ. ತಾಯಿ ಮಾತ್ರ ಪ್ರತಿ ರಾತ್ರಿ ಒಂದೇ ಪ್ರಶ್ನೆ ಕೇಳುತ್ತಾಳೆ: ‘ನಾವು ಇರೂತನಕ ನೋಡ್ಕೋತೀವ್ರಿ, ನಮ್ಮ ಹಿಂದ ಯಾರ್ರೀ?’

ಈ ಪ್ರಶ್ನೆಗೆ ಬರುವ ಮುನ್ನ, ಆ ತಾಯಿಯ ಮನಸ್ಸಿನ ಇನ್ನೊಂದು ಮುಳ್ಳನ್ನು ತೆಗೆಯಬೇಕು. ‘ಬಸುರಿದ್ದಾಗ ನೀನೇ ಏನೋ ಮಾಡಿಕೊಂಡಿ’ ಎಂಬ ಅತ್ತೆಯ ಮಾತು. ಇದು ನಮ್ಮ ಹಳ್ಳಿಯ ಅತ್ತೆಯರ ಮಾತಷ್ಟೇ ಅಲ್ಲ. ಅಮೆರಿಕದ ದೊಡ್ಡ ದೊಡ್ಡ ಪಂಡಿತರು ಕೂಡ 1950 ಮತ್ತು 60ರ ದಶಕಗಳಲ್ಲಿ, ಪ್ರೀತಿ ತೋರದ ತಾಯಂದಿರಿಂದ ಮಕ್ಕಳಿಗೆ ಹೀಗಾಗುತ್ತದೆಂದು ಬರೆದರು. ಇಂಥ ಮಗನ ತಂದೆಯೇ ಆಗಿದ್ದ ಮನಶ್ಶಾಸ್ತ್ರಜ್ಞ ಬರ್ನಾರ್ಡ್ ರಿಮ್‌ಲ್ಯಾಂಡ್ 1964ರಲ್ಲಿ ಪುಸ್ತಕ ಬರೆದು ಅದನ್ನು ಅಲ್ಲಗಳೆದರು. 1977ರ ಅವಳಿ ಮಕ್ಕಳ ಅಧ್ಯಯನ, ಅನುವಂಶಿಕತೆಯ ಪಾತ್ರ ದೊಡ್ಡದೆಂದು ತೋರಿಸಿತು. ಲಸಿಕೆಯಿಂದ ಆಟಿಸಂ ಬರುತ್ತದೆ ಎಂಬ 1998ರ ಲೇಖನವನ್ನು ‘ಲ್ಯಾನ್ಸೆಟ್’ ಪತ್ರಿಕೆ 2010ರಲ್ಲಿ ಹಿಂತೆಗೆದುಕೊಂಡಿತು. ಆದ್ದರಿಂದ ತಾಯಿಯ ತಪ್ಪಲ್ಲ, ಲಸಿಕೆಯ ತಪ್ಪಲ್ಲ, ಗ್ರಹಚಾರವೂ ಅಲ್ಲ.

ಇನ್ನು ಒಬ್ಬ ಹುಡುಗನ ಕಥೆ. ವಿದ್ಯಾರ್ಥಿಗಳು ಇದನ್ನು ಗಮನವಿಟ್ಟು ಓದಬೇಕು. ಅಮೆರಿಕದ ಮಿಸಿಸಿಪ್ಪಿ ರಾಜ್ಯದಲ್ಲಿ ಫಾರೆಸ್ಟ್ ಎಂಬ ಸಣ್ಣ ಊರು. 1933ರಲ್ಲಿ ಅಲ್ಲಿ ಹುಟ್ಟಿದ ಡೊನಾಲ್ಡ್ ಟ್ರಿಪ್ಲೆಟ್ ಎಂಬ ಹುಡುಗ ಅಪ್ಪ ಅವ್ವನ ಕಡೆ ತಿರುಗಿ ನೋಡುತ್ತಿರಲಿಲ್ಲ, ಅಂಕಿಗಳೆಂದರೆ ಪ್ರಾಣ. ವೈದ್ಯರ ಸಲಹೆಯಂತೆ ಅವನನ್ನು ದೂರದ ಒಂದು ಸಂಸ್ಥೆಯಲ್ಲಿ ಬಿಟ್ಟರು. ಅಲ್ಲಿ ಅವನು ಇನ್ನಷ್ಟು ಮಂಕಾದ. ಒಂದು ವರ್ಷದಲ್ಲಿ ತಂದೆತಾಯಿ ಅವನನ್ನು ಮರಳಿ ಮನೆಗೆ ತಂದರು. ವಕೀಲರಾಗಿದ್ದ ತಂದೆ ಮಗನ ನಡೆನುಡಿಯನ್ನೆಲ್ಲ 33 ಪುಟಗಳಲ್ಲಿ ಬರೆದು ಬಾಲ್ಟಿಮೋರಿನ ಡಾ. ಲಿಯೊ ಕ್ಯಾನರ್ ಅವರಿಗೆ ಕಳಿಸಿದರು. ಕ್ಯಾನರ್ 1943ರಲ್ಲಿ ಹನ್ನೊಂದು ಮಕ್ಕಳ ಬಗ್ಗೆ ಬರೆದ ಪ್ರಸಿದ್ಧ ಲೇಖನದ ಮೊದಲ ಮಗು ಈ ಡೊನಾಲ್ಡ್. ವೈದ್ಯಶಾಸ್ತ್ರಕ್ಕೆ ಆಟಿಸಂನ ಪರಿಚಯವಾದದ್ದೇ ಒಬ್ಬ ತಂದೆಯ ಪತ್ರದಿಂದ ಎನ್ನಬಹುದು.

ಮುಂದಿನ ಭಾಗ ನಮ್ಮ ರೈತರಿಗೆ ಹಿಡಿಸುವಂಥದು. 1942ರ ಸುಮಾರಿಗೆ ಹುಡುಗನನ್ನು ಹತ್ತು ಮೈಲಿ ದೂರದ ಒಬ್ಬ ರೈತ ದಂಪತಿಗಳ ಹತ್ತಿರ ಇಟ್ಟರು. ಹೆಚ್ಚು ಓದಿದವರಲ್ಲ, ಆದರೆ ಜಾಣರು. ಹುಡುಗನಿಗೆ ಅಳತೆಯ ಗೀಳು. ‘ಬಾವಿ ತೋಡು, ಎಷ್ಟು ಆಳವಾಯಿತು ಹೇಳು’ ಎಂದರು. ಗೋವಿನಜೋಳದ ಸಾಲುಗಳನ್ನು ಎಣಿಸಿದ್ದನ್ನೇ ಎಣಿಸುತ್ತಿದ್ದ. ‘ಎಣಿಸು, ಆದರೆ ನೇಗಿಲು ಹೊಡೆಯುತ್ತ ಎಣಿಸು’ ಎಂದರು. 1945ರಲ್ಲಿ ಕ್ಯಾನರ್ ಸ್ವತಃ ಆ ಹೊಲಕ್ಕೆ ಹೋದಾಗ ಹುಡುಗ ಅವರ ಕಣ್ಣೆದುರೇ ಆರು ಉದ್ದನೆಯ ಸಾಲು ಉತ್ತ. ಕುದುರೆಯನ್ನು ತಿರುಗಿಸುವ ಅವನ ಹದ ಕಂಡು ಡಾಕ್ಟರು ಬೆರಗಾದರು. ಗೀಳನ್ನು ಬಿಡಿಸಲು ಹೊಡೆಯಲಿಲ್ಲ, ಬೈಯಲಿಲ್ಲ. ಗೀಳಿಗೇ ಒಂದು ಕೆಲಸ ಕೊಟ್ಟರು.

ಡೊನಾಲ್ಡ್ 1958ರಲ್ಲಿ ಪದವಿ ಪಡೆದರು. ತಮ್ಮ ಊರಿನ ಬ್ಯಾಂಕಿನಲ್ಲಿ ಕೆಲಸ ಮಾಡಿದರು, ಕಾರು ಓಡಿಸಿದರು, ಗಾಲ್ಫ್ ಆಡಿದರು, ದೇಶವಿದೇಶ ಸುತ್ತಿದರು. 2023ರ ಜೂನ್‌ನಲ್ಲಿ 89ನೆಯ ವಯಸ್ಸಿನಲ್ಲಿ ತೀರಿಕೊಂಡರು. ಹಣವಂತರ ಮನೆತನ, ತಾಯಿಯ ಕಡೆಯವರದೇ ಬ್ಯಾಂಕು. ಆ ಅನುಕೂಲ ಎಲ್ಲರಿಗೂ ಇರುವುದಿಲ್ಲ, ನಿಜ. ಆದರೆ 1971ರಲ್ಲಿ ಕ್ಯಾನರ್ ಆ ಹನ್ನೊಂದು ಮಕ್ಕಳನ್ನು ಮತ್ತೆ ಹುಡುಕಿದಾಗ ಕಂಡದ್ದು ಬೇರೆಯೇ. ಸರ್ಕಾರಿ ಆಸ್ಪತ್ರೆಗಳಲ್ಲಿ ವರ್ಷಗಟ್ಟಲೆ ಇದ್ದವರು ಇದ್ದ ಜಾಣ್ಮೆಯನ್ನೂ ಕಳೆದುಕೊಂಡು ಮೂಲೆ ಸೇರಿದ್ದರು. ಆ ದಾಖಲಾತಿ ಜೀವಾವಧಿ ಶಿಕ್ಷೆಗೆ ಸಮವೆಂದು ಅವರು ಬರೆದರು. ಸಣ್ಣ ಊರಿನಲ್ಲಿ, ಪರಿಚಯದವರ ನಡುವೆ ಇರುವುದೇ ಒಂದು ಔಷಧವೆಂದು ನನಗನಿಸುವುದು ಇದರಿಂದ. ಪೇಟೆಯ ವಿಶೇಷ ಶಾಲೆ ಸಿಗಲಿಲ್ಲವೆಂದು ಕೊರಗುವ ಹಳ್ಳಿಯ ತಂದೆತಾಯಿಯರು ತಮ್ಮಲ್ಲಿರುವ ಈ ಬಲವನ್ನು ಎಣಿಸುವುದೇ ಇಲ್ಲ.

ಬಲ ಮಾತ್ರ ಸಾಲದು, ದೇಹದ ಆರೋಗ್ಯ ನೋಡಬೇಕು. ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೀರಿಕೊಂಡ ಆಟಿಸಂ ಇರುವವರ ಸರಾಸರಿ ವಯಸ್ಸು ಸುಮಾರು 54, ಹೋಲಿಕೆಗೆ ತೆಗೆದುಕೊಂಡ ಉಳಿದವರದು 70. ಆಟಿಸಂ ತಾನೇ ಪ್ರಾಣ ತೆಗೆಯುವುದಿಲ್ಲ. ಬೌದ್ಧಿಕ ವಿಕಲತೆಯೂ ಜೊತೆಗಿದ್ದವರಲ್ಲಿ ಮೂರ್ಛೆರೋಗ, ಇಲ್ಲದವರಲ್ಲಿ ಹೃದ್ರೋಗ ಮತ್ತು ಆತ್ಮಹತ್ಯೆ ಮುಖ್ಯವಾಗಿ ಕಂಡವು. ಇವುಗಳಲ್ಲಿ ಎಷ್ಟೋ ತಡೆಯಬಹುದಾದವು.

ದೊಡ್ಡ ತೊಡಕೆಂದರೆ ನೋವನ್ನು ಹೇಳಲು ಬಾರದಿರುವುದು. ಸುಮ್ಮನಿದ್ದ ಮಗ ಒಮ್ಮೆಲೇ ಗೋಡೆಗೆ ತಲೆ ಚಚ್ಚಿಕೊಳ್ಳತೊಡಗಿದ, ಊಟ ದೂಡಿದ, ರಾತ್ರಿಯೆಲ್ಲ ತಿರುಗಾಡಿದ. ಮನೆಯವರು ‘ಹಟ ಹೆಚ್ಚಾತು’ ಎಂದುಕೊಳ್ಳುತ್ತಾರೆ. ಕೆಲವರು ದೇವರ ಅಂಗಾರ ಹಚ್ಚಿಸುತ್ತಾರೆ. ಮೊದಲು ನೋಡಬೇಕಾದದ್ದು ಬಾಯಿ. ಹುಳುಕು ಹಲ್ಲಿದೆಯೇ? ಆಮೇಲೆ ಕಿವಿ, ಹೊಟ್ಟೆ. ಮಲಬದ್ಧತೆ ಇವರಲ್ಲಿ ಬಹಳ. ಒಂದೆರಡು ಪದಾರ್ಥ ಬಿಟ್ಟು ಬೇರೇನೂ ತಿನ್ನದಿರುವುದು ಅದಕ್ಕೊಂದು ಕಾರಣ. ನಡತೆ ದಿಢೀರನೆ ಬದಲಾದರೆ ನೋವಿದೆಯೆಂದೇ ತಿಳಿದು ಹುಡುಕಿ. ಹೆಣ್ಣುಮಕ್ಕಳಲ್ಲಿ ಮುಟ್ಟಿನ ದಿನಗಳ ಹೊಟ್ಟೆನೋವನ್ನೂ ಮರೆಯಬಾರದು. ಸುಮ್ಮನಿರುವ ಹೆಣ್ಣುಮಗಳನ್ನು ‘ಗಂಭೀರ’ ಎಂದು ಮೆಚ್ಚುವ ನಮ್ಮಲ್ಲಿ ಅವರ ಆಟಿಸಂ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ.

ಮೂರ್ಛೆ ಚಿಕ್ಕಂದಿನಲ್ಲಿ ಬಾರದಿದ್ದರೂ ಹರೆಯದಲ್ಲಿ ಶುರುವಾಗಬಹುದು. ಬಂದಾಗ ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಬಾಯಲ್ಲಿ ಚಮಚ ಇಡಬೇಡಿ, ಕೈಯಲ್ಲಿ ಕೀಲಿಕೈ ಕೊಡಬೇಡಿ, ಉಳ್ಳಾಗಡ್ಡಿ ಮೂಸಿಸಬೇಡಿ. ಐದು ನಿಮಿಷ ದಾಟಿದರೆ 108ಕ್ಕೆ ಫೋನು ಮಾಡಿ. ಗುಳಿಗೆ ಶುರುವಾದ ಮೇಲೆ ‘ಈಗ ಆರಾಮದಾನ’ ಎಂದು ನೀವಾಗಿ ನಿಲ್ಲಿಸಬೇಡಿ.

ಆಟಿಸಂ ವಾಸಿಮಾಡುವ ಗುಳಿಗೆ ಇಲ್ಲ. ಇದೆಯೆಂದು ಹೇಳುವವರಿಗೆ ಹೊಲ ಮಾರಿ ಹಣ ಕೊಡಬೇಡಿ. ಸಿಟ್ಟು, ಹೊಡೆದುಕೊಳ್ಳುವಿಕೆ ತೀರ ಹೆಚ್ಚಾದಾಗ ಮನೋವೈದ್ಯರು ಕೊಡುವ ರಿಸ್ಪೆರಿಡೋನ್‌ನಂಥ ಔಷಧಗಳಿಂದ ತೂಕ, ಸಕ್ಕರೆ ಏರಬಹುದು. ಆಗಾಗ ತೂಕ ನೋಡಿಸಿ, ರಕ್ತಪರೀಕ್ಷೆ ಮಾಡಿಸಿ. ಓದಿ ನೌಕರಿ ಹಿಡಿದ ಆಟಿಸಂನವರಲ್ಲಿ ಆತಂಕ, ಖಿನ್ನತೆ ಹೆಚ್ಚು. ಎಲ್ಲರಂತೆ ತೋರಬೇಕೆಂದು ದಿನವಿಡೀ ನಟಿಸಿ ಸುಸ್ತಾಗಿರುತ್ತಾರೆ. ‘ಬದುಕು ಸಾಕು’ ಎಂಬ ಮಾತು ಬಂದರೆ ಹಗುರಾಗಿ ತೆಗೆದುಕೊಳ್ಳಬಾರದು. 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಮಾತಾಡಬಹುದು, ಮನೆಯವರೂ ಮಾಡಬಹುದು.

ಎಲ್ಲಿ ತೋರಿಸುವುದು? ಗದಗಿನ ಜಿಮ್ಸ್ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗದಿಂದ ಆರಂಭಿಸಿ. ಹೆಚ್ಚಿನ ತಪಾಸಣೆಗೆ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಇವೆ. ಮಾತು, ಸಂವಹನದ ತೊಡಕಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಹೋಗುವಾಗ ಡೊನಾಲ್ಡನ ತಂದೆಯಂತೆ ಒಂದು ವಹಿಯಲ್ಲಿ ಬರೆದುಕೊಂಡು ಹೋಗಿ: ಯಾವಾಗ ಮಾತು ಬಂತು, ಏನು ತಿನ್ನುತ್ತಾನೆ, ಯಾವ ಸಪ್ಪಳಕ್ಕೆ ಹೆದರುತ್ತಾನೆ, ನೋವಾದಾಗ ಹೇಗಿರುತ್ತಾನೆ. 33 ಪುಟ ಬೇಡ, ಎರಡು ಪುಟ ಸಾಕು. ಮುಂದೆ ನೀವಿಲ್ಲದಾಗ ನೋಡಿಕೊಳ್ಳುವವರಿಗೂ ಅದೇ ವಹಿ ಬೇಕಾಗುತ್ತದೆ.

ಕಾಗದಪತ್ರದ ಮಾತು ಬೇಸರದ್ದು, ಆದರೂ ಹೇಳಲೇಬೇಕು. 1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂನ ಹೆಸರೇ ಇರಲಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ಬಂತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವಿಕಲತೆಗಳಲ್ಲಿ ಸೇರಿತು. ಪ್ರಮಾಣಪತ್ರ ಮತ್ತು ಯು.ಡಿ.ಐ.ಡಿ. ಕಾರ್ಡು ಮೊದಲು ಮಾಡಿಸಿ. ನ್ಯಾಷನಲ್ ಟ್ರಸ್ಟಿನ ‘ನಿರಾಮಯ’ ವಿಮೆಯಲ್ಲಿ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ವೆಚ್ಚ ಸಿಗುತ್ತದೆ. ಹದಿನೆಂಟು ದಾಟಿದವರಿಗೆ ಪೋಷಕರ ನೇಮಕ ಬೇಕಿದ್ದರೆ ಜಿಲ್ಲಾಧಿಕಾರಿಗಳಿರುವ ಸ್ಥಳೀಯ ಸಮಿತಿಗೆ ಅರ್ಜಿ. ಹೊಲದ ಉತಾರದಲ್ಲಿ ಮಗನ ಹೆಸರು ಸೇರುವಲ್ಲಿ ಇದು ಮುಖ್ಯ. ಆದರೆ ತನ್ನ ವ್ಯವಹಾರ ತಾನು ತಿಳಿಯಬಲ್ಲವನಿಗೆ ಪೋಷಕರನ್ನು ಹೇರುವುದು ಅನ್ಯಾಯ. ಅವನನ್ನೂ ಕೂರಿಸಿಕೊಂಡು ಕೇಳಿ. ರೈಲ್ವೆಯಂಥ ಕೇಂದ್ರ ಸರ್ಕಾರದ ನೌಕರಿಯಲ್ಲಿದ್ದವರು ನೆನಪಿಡಬೇಕಾದದ್ದು: ದುಡಿದು ಬದುಕಲಾರದ ವಿಕಲ ಮಗನಿಗೆ, ಮಗಳಿಗೆ ನಿಮ್ಮ ನಂತರ ಜೀವನಪೂರ್ತಿ ಕುಟುಂಬ ಪಿಂಚಣಿಗೆ ಅವಕಾಶವಿದೆ. ನೀವಿರುವಾಗಲೇ ಹೆಸರು ಸೇರಿಸಿ.

ಇನ್ನು ಆ ತಾಯಿಯ ಪ್ರಶ್ನೆ. ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವಿದೆ. ಪಂಚಾಕ್ಷರಿ ಗವಾಯಿಗಳು ಕಟ್ಟಿ, 2010ರಲ್ಲಿ ಲಿಂಗೈಕ್ಯರಾದ ಪುಟ್ಟರಾಜ ಗವಾಯಿಗಳು ಬೆಳೆಸಿದ್ದು. ಕಣ್ಣಿಲ್ಲದ ಮಕ್ಕಳಿಗೆ ಅಲ್ಲಿ ಬರೀ ಊಟ ಹಾಕಲಿಲ್ಲ. ಜೀವನಪೂರ್ತಿ ತಲೆಯೆತ್ತಿ ಬಾಳುವ ವಿದ್ಯೆ ಕೊಟ್ಟರು. ಇದೇ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ದೇಶದ ಮೊದಲ ಕೃಷಿ ಸಹಕಾರಿ ಸಂಘ ಹುಟ್ಟಿತು. ಈ ಎರಡೂ ಕೆಲಸ ಮಾಡಿದ ನೆಲದಲ್ಲಿ, ಸುತ್ತಲ ಊರುಗಳ ಐದಾರು ಕುಟುಂಬಗಳು ಸೇರಿ ತಮ್ಮ ಬೆಳೆದ ಮಕ್ಕಳಿಗಾಗಿ ಒಂದು ಮನೆ, ಒಂದು ತುಂಡು ಹೊಲ, ಇಬ್ಬರು ನೋಡಿಕೊಳ್ಳುವವರನ್ನು ಗೊತ್ತುಮಾಡುವುದು ಆಗದ ಮಾತೇ? ತಂದೆತಾಯಿಯರ ಸಂಘವನ್ನು ನ್ಯಾಷನಲ್ ಟ್ರಸ್ಟಿನಲ್ಲಿ ನೋಂದಾಯಿಸಲು ಕಾಯ್ದೆಯಲ್ಲೇ ಅವಕಾಶವಿದೆ.

ಕೆಲಸಕ್ಕೂ ಕೊರತೆಯಿಲ್ಲ. ಉಳ್ಳಾಗಡ್ಡಿಯನ್ನು ಗಾತ್ರ ನೋಡಿ ಬೇರೆ ಮಾಡುವುದು, ಶೇಂಗಾ ಆರಿಸುವುದು, ಚೀಲ ಎಣಿಸಿ ಬರೆಯುವುದು, ದನಕ್ಕೆ ಹೊತ್ತಿಗೆ ಸರಿಯಾಗಿ ನೀರು ಮೇವು. ಒಂದೇ ಬಗೆಯ ಕೆಲಸ ನಮಗೆ ಬೇಸರ. ಅವರಲ್ಲಿ ಅನೇಕರಿಗೆ ಅದೇ ನೆಮ್ಮದಿ. ಆದರೆ ದುಡಿಸಿಕೊಂಡು ಎರಡು ರೊಟ್ಟಿ ಕೊಟ್ಟರೆ ಸಾಕೆನ್ನುವವರ ಬಗ್ಗೆ ಎಚ್ಚರ. ಕೂಲಿ ಅವನ ಹೆಸರಿನ ಖಾತೆಗೆ ಹೋಗಬೇಕು. ಕೆಲಸವೇ ಆಗದ, ಹಗಲಿರುಳು ಆರೈಕೆ ಬೇಕಾದವರೂ ಇದ್ದಾರೆ. ಅವರ ಮನೆಗೆ ಬೇಕಾದದ್ದು ಉಪದೇಶವಲ್ಲ, ಕೈ.

ಶಾಲೆ ಕಾಲೇಜಿನ ಮಕ್ಕಳಿಗೆ ಎರಡು ಮಾತು. ನಿಮ್ಮ ತರಗತಿಯಲ್ಲಿ ಇಂಥ ಗೆಳೆಯನಿದ್ದರೆ ಪರೀಕ್ಷೆಯಲ್ಲಿ ಅವನಿಗೆ ಹೆಚ್ಚಿನ ಸಮಯ, ಬರೆಯುವವರ ನೆರವು ಸಿಗಬೇಕೆಂದು 2016ರ ಕಾಯ್ದೆಯೇ ಹೇಳುತ್ತದೆ; ಅದು ದಯೆಯಲ್ಲ. ಅವನೊಡನೆ ಮಾತಾಡುವಾಗ ಒಗಟು, ಕುಚೋದ್ಯ ಬೇಡ, ನೇರವಾಗಿ ಹೇಳಿ. ಇನ್ನು ಮನೆಯಲ್ಲಿಯೇ ಇಂಥ ಅಣ್ಣನೋ ಅಕ್ಕನೋ ಇರುವವರೇ, ಗೆಳೆಯರು ಮನೆಗೆ ಬಂದಾಗ ಅವರನ್ನು ಒಳಕೋಣೆಗೆ ಕಳಿಸಬೇಡಿ. ಮುಂದಿನ ಭಾರವೆಲ್ಲ ನನ್ನದೇ ಎಂದು ಈಗಲೇ ಹೆದರಲೂ ಬೇಡಿ. ಅದನ್ನು ಅಪ್ಪ ಅವ್ವನ ಜೊತೆ ಕೂತು ಬಾಯಿಬಿಟ್ಟು ಮಾತಾಡಿ. ಸದ್ಯಕ್ಕೆ ಇಷ್ಟು ಮಾಡಿದರೆ ಸಾಕು: ಶನಿವಾರ ಮುಂಜಾನೆಯ ಶಾಲೆ ಮುಗಿಸಿ ಬಂದ ಮೇಲೆ ಎರಡು ತಾಸು ಅಣ್ಣನ ಜೊತೆ ನೀವಿರಿ. ಅವ್ವ ಆ ಹೊತ್ತಿನಲ್ಲಿ ಹೋಗಿ ತನ್ನ ಬಿ.ಪಿ. ತೋರಿಸಿಕೊಂಡು ಬರಲಿ.