ಕಿರ್ದಿ, ಖಾತೆ ಮತ್ತು ಗಣಕಯಂತ್ರ

ಬೆಂಗಳೂರಿನ ವಾಯವ್ಯ ದಿಕ್ಕಿನಲ್ಲಿ, ತುಮಕೂರು ರಸ್ತೆಯ ಮಗ್ಗುಲಿಗೆ ಹಬ್ಬಿರುವ ಪೀಣ್ಯ ಕೈಗಾರಿಕಾ ಪ್ರದೇಶವನ್ನು ನಮ್ಮ ವಾಚಕರಲ್ಲಿ ಅನೇಕರು ಮೆಟ್ರೋ ರೈಲಿನ ಕಿಟಕಿಯಿಂದಲಾದರೂ ಕಂಡಿರಬಹುದು. ಅಲ್ಲಿನ ಸಾವಿರಾರು ಕಾರ್ಖಾನೆಗಳಲ್ಲಿ ಬಹುಪಾಲು ಚಿಕ್ಕವು. ಹತ್ತಿಪ್ಪತ್ತು ಜನ ದುಡಿಯುವ, ನಾಲ್ಕಾರು ಲೇತುಗಳಿರುವ ಯಂತ್ರಾಗಾರಗಳು. ನಗರದ ಇನ್ನೊಂದು ಕೊನೆಯಲ್ಲಿ, ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರುಗಳ ನೆಲದಲ್ಲಿ, ಕಿಯೋನಿಕ್ಸ್ ಸಂಸ್ಥೆಯು 1978ರಲ್ಲಿ ಆರಂಭಿಸಿದ ಎಲೆಕ್ಟ್ರಾನಿಕ್ಸ್ ಸಿಟಿ ಇದೆ. ದೂರದೇಶಗಳ ಬ್ಯಾಂಕುಗಳ ಲೆಕ್ಕವನ್ನು ಕಾಯುವ ತಂತ್ರಾಂಶಗಳು ಅಲ್ಲಿ ತಯಾರಾಗುತ್ತವೆ. ಪೀಣ್ಯದ ಯಂತ್ರಾಗಾರದ ಲೆಕ್ಕವಾದರೋ ಎಷ್ಟೋ ಕಡೆ ಒಂದು ನೋಟುಬುಕ್ಕಿನಲ್ಲಿ, ಮಾಲೀಕರ ಮೊಬೈಲಿನಲ್ಲಿ, ಮತ್ತು 'ಸ್ಟಾಕ್ ಹೊಸದು', 'ಸ್ಟಾಕ್ ಹೊಸದು 2' ಎಂಬ ಹೆಸರಿನ ಎಕ್ಸೆಲ್ ಕಡತಗಳಲ್ಲಿ ಹರಿದು ಹಂಚಿಹೋಗಿರುತ್ತದೆ. ಇದು ಹಣದ ಕೊರತೆಯಿಂದ ಆದುದಲ್ಲ, ಸರಿಯಾದ ಸಾಧನವನ್ನು ಆರಿಸುವ ಬಗೆಯನ್ನು ತಿಳಿಯಹೇಳುವವರಿಲ್ಲದೆ ಆದುದು ಎಂದು ನಮ್ಮ ಅಭಿಪ್ರಾಯ.

ಲೆಕ್ಕ ಕೆಟ್ಟರೆ ಏನಾಗುತ್ತದೆಂಬುದನ್ನು ಒಂದು ಉದಾಹರಣೆಯಿಂದ ನೋಡೋಣ. ಒಂದು ಯಂತ್ರಾಗಾರದವರು 500 ಗೇರುಗಳನ್ನು ಕತ್ತರಿಸಿ, ಕುಲುಮೆಯಲ್ಲಿ ಹದಗೊಳಿಸುವುದಕ್ಕಾಗಿ ಪಕ್ಕದ ಬೀದಿಯ ಇನ್ನೊಂದು ಕಾರ್ಖಾನೆಗೆ ಚಲನ್ ಬರೆದು ಕಳುಹಿಸುತ್ತಾರೆ. ಪೀಣ್ಯದಲ್ಲಿ ಇದಕ್ಕೆ ಜಾಬ್ ವರ್ಕ್ ಎಂದು ಹೆಸರು. 2017ರ ಜುಲೈ 1ರಂದು ಜಾರಿಗೆ ಬಂದ ಜಿ.ಎಸ್.ಟಿ. ಕಾನೂನಿನ ಪ್ರಕಾರ, ಹಾಗೆ ತೆರಿಗೆಯಿಲ್ಲದೆ ಕಳುಹಿಸಿದ ಸರಕು ಒಂದು ವರ್ಷದೊಳಗೆ ಹಿಂತಿರುಗಬೇಕು, ಅಥವಾ ಅಲ್ಲಿಂದಲೇ ಗಿರಾಕಿಗೆ ಹೋಗಬೇಕು. ಇಲ್ಲವಾದರೆ ಕಳುಹಿಸಿದ ದಿನವೇ ಅದನ್ನು ಮಾರಿದಂತೆ ಎಣಿಸಿ ತೆರಿಗೆಯನ್ನು ಕೇಳಲಾಗುತ್ತದೆ, ಬಡ್ಡಿಯೂ ಸೇರುತ್ತದೆ. ಗೇರುಗಳು ಹಿಂತಿರುಗಿದ್ದರೂ ಹಿಂತಿರುಗಿದುವೆಂಬ ದಾಖಲೆ ಕಳೆದುಹೋದರೆ ವಾದಿಸುವುದು ಹೇಗೆ? ಹತ್ತು ಜನರ ಸಂಬಳದ ಮಾತು ಇದರಲ್ಲಿ ಅಡಗಿದೆ.

ಎಕ್ಸೆಲ್ ಮೊದಲಾದ ಕೋಷ್ಟಕ ತಂತ್ರಾಂಶಗಳನ್ನು ನಾವು ಹಳಿಯುತ್ತಿಲ್ಲ. ಲೆಕ್ಕ ಹಾಕುವುದಕ್ಕೆ ಅವು ಅತ್ಯುತ್ತಮ. ಆದರೆ ಲೆಕ್ಕ ಹಾಕುವುದು ಬೇರೆ, ದಾಖಲೆಯನ್ನು ಕಾಯುವುದು ಬೇರೆ. ಈ ಭೇದವನ್ನು ಮರೆತುದರ ಫಲವನ್ನು ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಇಲಾಖೆಯು 2020ರಲ್ಲಿ ಕಂಡಿತು. ಎಕ್ಸೆಲ್ಲಿನ ಹಳೆಯ ಮಾದರಿಯ ಕಡತದಲ್ಲಿ 65,536 ಸಾಲುಗಳಿಗೆ ಮಾತ್ರ ಸ್ಥಳವಿರುತ್ತದೆ. ಕೊರೋನಾ ಪರೀಕ್ಷೆಯ ಫಲಿತಾಂಶಗಳು ಅಲ್ಲಿಗೆ ತುಂಬಿ, ಉಳಿದುವು ಸದ್ದಿಲ್ಲದೆ ಹೊರಗೆ ಬಿದ್ದುವು. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗೆ ಹೀಗೆ ತಪ್ಪಿಹೋದ ಸೋಂಕಿತರ ಸಂಖ್ಯೆ 15,841. ಅಷ್ಟು ಜನರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸವು ಅಷ್ಟು ದಿನ ತಡವಾಯಿತು.

ದಾಖಲೆಯನ್ನು ಕಾಯುವುದಕ್ಕೆಂದೇ ಇರುವ ತಂತ್ರಾಂಶಕ್ಕೆ ದತ್ತಸಂಚಯ ಅಥವಾ ಡೇಟಾಬೇಸ್ ಎಂದು ಹೆಸರು. ಇಂದು ಬಳಕೆಯಲ್ಲಿರುವ ಬಹುಪಾಲು ದತ್ತಸಂಚಯಗಳ ಮೂಲವು 1970ರಲ್ಲಿ ಐ.ಬಿ.ಎಂ. ಸಂಸ್ಥೆಯ ಎಡ್ಗರ್ ಕಾಡ್ ಎಂಬ ಗಣಿತಜ್ಞನು ಪ್ರಕಟಿಸಿದ ಒಂದು ಲೇಖನದಲ್ಲಿದೆ. ದಾಖಲೆಗಳೆಲ್ಲವನ್ನೂ ಸರಳ ಕೋಷ್ಟಕಗಳಾಗಿ ಇರಿಸಿ, ಅವು ಡಿಸ್ಕಿನ ಯಾವ ಮೂಲೆಯಲ್ಲಿವೆ ಎಂಬ ಚಿಂತೆಯನ್ನು ಬಳಸುವವನಿಗೆ ಬಿಡದೆ, ಬೇಕಾದುದನ್ನು ಕೇಳಿದರೆ ಸಾಕೆನ್ನುವಂತೆ ಮಾಡಬೇಕೆಂಬುದು ಅವನ ವಿಚಾರ. ಗಿರಾಕಿಯ ವಿಳಾಸವನ್ನು ನೂರು ಬಿಲ್ಲುಗಳಲ್ಲಿ ನೂರು ಸಲ ಬರೆಯದೆ, ಒಂದೇ ಕಡೆ ಬರೆದು, ಬಿಲ್ಲಿನಲ್ಲಿ ಅವನ ಸಂಖ್ಯೆಯನ್ನು ಮಾತ್ರ ಸೂಚಿಸುವುದು ಇದರಿಂದ ಸಾಧ್ಯವಾಯಿತು. ವಿಳಾಸ ಬದಲಾದಾಗ ತಿದ್ದಬೇಕಾದುದು ಒಂದೇ ಸಾಲು.

ಆದರೆ ದತ್ತಸಂಚಯದ ನಿಜವಾದ ಹಿರಿಮೆ ಇನ್ನೊಂದೆಡೆ ಇದೆ. ನಮ್ಮ 500 ಗೇರುಗಳಿಗೆ ಹಿಂತಿರುಗೋಣ. ಚಲನ್ ಬರೆದೊಡನೆ ಎರಡು ಕೆಲಸಗಳು ಆಗಬೇಕು: ಯಂತ್ರಾಗಾರದ ದಾಸ್ತಾನಿನಲ್ಲಿ 500 ಕಳೆಯಬೇಕು, ಕುಲುಮೆಯವರ ಹೆಸರಿನಲ್ಲಿ 500 ಕೂಡಬೇಕು. ಮೊದಲನೆಯದು ಮುಗಿದು ಎರಡನೆಯದು ಆಗುವ ಮೊದಲೇ ವಿದ್ಯುತ್ತು ಹೋಯಿತೆನ್ನಿ. ಪೀಣ್ಯದಲ್ಲಿ ಇದು ಕಥೆಯ ಮಾತಲ್ಲ! ಆಗ 500 ಗೇರುಗಳು ಭೂಮಿಯ ಮೇಲೆಯೇ ಇಲ್ಲದಂತಾಗುತ್ತವೆ. ಒಳ್ಳೆಯ ದತ್ತಸಂಚಯವು ಹೀಗಾಗಗೊಡುವುದಿಲ್ಲ. ಅದು ಅನುಸರಿಸುವ ಉಪಾಯ ನಮ್ಮ ಚಿಕ್ಕಪೇಟೆಯ ವರ್ತಕರಿಗೆ ಹೊಸದೇನಲ್ಲ. ಅವರು ವ್ಯವಹಾರವನ್ನು ಮೊದಲು ಕಿರ್ದಿಯಲ್ಲಿ ಬರೆಯುತ್ತಿದ್ದರು. ಆಮೇಲೆ ಪುರಸೊತ್ತಾದಾಗ ಖಾತೆಗೆ ಇಳಿಸುತ್ತಿದ್ದರು. ದತ್ತಸಂಚಯವೂ ಎರಡು ಬದಲಾವಣೆಗಳನ್ನು ಒಂದೇ ವ್ಯವಹಾರವೆಂದು ಗಂಟುಹಾಕಿ ಮೊದಲು ತನ್ನ ಕಿರ್ದಿಯಲ್ಲಿ ಬರೆಯುತ್ತದೆ. ಅದು ಡಿಸ್ಕಿಗೆ ನಿಜವಾಗಿಯೂ ತಲುಪಿತೆಂದು ಖಚಿತವಾದ ಮೇಲೆಯೇ 'ಆಯಿತು' ಎನ್ನುತ್ತದೆ. ಕೋಷ್ಟಕಗಳಿಗೆ ಇಳಿಸುವುದು ಆ ಮೇಲಿನ ಮಾತು. ವಿದ್ಯುತ್ತು ಹೋಗಿ ಬಂದಾಗ ಅದು ಕಿರ್ದಿಯನ್ನು ತೆರೆದು ಓದುತ್ತದೆ. ಪೂರ್ತಿಯಾದ ವ್ಯವಹಾರಗಳನ್ನು ಕೋಷ್ಟಕದಲ್ಲಿ ನಿಲ್ಲಿಸುತ್ತದೆ, ಅರ್ಧಕ್ಕೆ ನಿಂತುವನ್ನು ಆಗಲೇ ಇಲ್ಲವೆಂದು ಬಿಡುತ್ತದೆ. ಹೀಗೆ ಗೇರುಗಳು ಒಂದೋ ಇಲ್ಲಿರುತ್ತವೆ, ಇಲ್ಲವೇ ಅಲ್ಲಿರುತ್ತವೆ.

ಇಷ್ಟು ಗುಣವುಳ್ಳ ತಂತ್ರಾಂಶಕ್ಕೆ ಬೆಲೆ ಎಷ್ಟಿರಬಹುದು? ಪೋಸ್ಟ್‌ಗ್ರೆಸ್ ಎಂಬುದು 1986ರಲ್ಲಿ ಕ್ಯಾಲಿಫೋರ್ನಿಯದ ಬರ್ಕ್‌ಲಿ ವಿಶ್ವವಿದ್ಯಾನಿಲಯದಲ್ಲಿ ಆರಂಭವಾದ ಸಂಶೋಧನೆಯ ಫಲ. ಎಸ್‌ಕ್ಯೂಲೈಟ್ ಎಂಬುದು ರಿಚರ್ಡ್ ಹಿಪ್ ಎಂಬಾತನು 2000ದಲ್ಲಿ ಹೊರತಂದುದು. ಎರಡೂ ಉಚಿತ. ಎರಡನೆಯದು ನಮ್ಮ ವಾಚಕರ ಜೇಬಿನಲ್ಲಿರುವ ಮೊಬೈಲಿನೊಳಗೇ ಕುಳಿತಿದೆ. ಒಬ್ಬ ಗುಮಾಸ್ತರು ಒಂದೇ ಯಂತ್ರದಲ್ಲಿ ಬರೆಯುವ ಕಡೆ ಎಸ್‌ಕ್ಯೂಲೈಟ್ ಧಾರಾಳವಾಗಿ ಸಾಕು. ಅದರಲ್ಲಿ ಒಂದು ಸಮಯಕ್ಕೆ ಒಬ್ಬರೇ ಬರೆಯಬಹುದಾದುದರಿಂದ, ಉಗ್ರಾಣ, ಗೇಟು, ಕಚೇರಿ ಮೂರೂ ಕಡೆಯಿಂದ ಒಟ್ಟಿಗೆ ಬರೆಯುವುದಾದರೆ ಪೋಸ್ಟ್‌ಗ್ರೆಸ್ ಲೇಸು. ಇವನ್ನು ಬರಿದಾಗಿ ತಂದಿಟ್ಟರೆ ಸಾಲದು, ಮೇಲೆ ಬಿಲ್ಲು ಚಲನ್‌ಗಳ ಪರದೆಗಳನ್ನು ಯಾರಾದರೂ ಕಟ್ಟಿಕೊಡಬೇಕೆಂಬುದು ನಿಜ. ವೆಚ್ಚವೆಲ್ಲ ಅಲ್ಲಿಯೇ.

ವೈಟ್‌ಫೀಲ್ಡಿನ ದೊಡ್ಡ ಸಂಸ್ಥೆಗಳು ದಾಖಲೆಗಳನ್ನು ನೂರಾರು ಯಂತ್ರಗಳಲ್ಲಿ ಹಂಚಿಡುವ ತಂತ್ರಾಂಶಗಳನ್ನು ಬಳಸುತ್ತವೆ. ನಮಗೂ ಅದೇ ಬೇಕೆಂದು ಸಣ್ಣ ಉದ್ಯಮಿಗಳು ಆಸೆಪಡುವುದುಂಟು, ಮಾರುವವರು ಆ ಆಸೆಗೆ ನೀರೆರೆಯುವುದೂ ಉಂಟು. ಗುಣಾಕಾರ ಬಲ್ಲ ವಿದ್ಯಾರ್ಥಿಗಳು ಇದನ್ನು ತಾವೇ ಪರೀಕ್ಷಿಸಬಹುದು. ದಿನಕ್ಕೆ 200 ನಮೂದುಗಳು, ವರ್ಷಕ್ಕೆ 300 ದಿನಗಳು, ಹತ್ತು ವರ್ಷಗಳು: ಒಟ್ಟು 6 ಲಕ್ಷ ಸಾಲುಗಳು. ಸಾಲಿಗೆ 500 ಬೈಟುಗಳಂತೆ ಹಿಡಿದರೂ 30 ಕೋಟಿ ಬೈಟುಗಳಾಗುತ್ತವೆ. ಇದು ಅತ್ಯಂತ ಅಗ್ಗದ ಪೆನ್ ಡ್ರೈವಿನ ಒಂದು ಮೂಲೆಯನ್ನೂ ತುಂಬದು. ಒಂದು ಚೀಲ ಸಿಮೆಂಟನ್ನು ಸಾಗಿಸುವುದಕ್ಕೆ ಗೂಡ್ಸು ರೈಲನ್ನು ಗೊತ್ತುಮಾಡುವುದು ಎಂಥ ಜಾಣತನ?

ತಿಂಗಳ ಬಾಡಿಗೆಗೆ ದೊರೆಯುವ ಕ್ಲೌಡ್ ಸೇವೆಗಳ ವಿಷಯದಲ್ಲಿ ನಮಗೆ ವಿರೋಧವಿಲ್ಲ. ಯಂತ್ರವನ್ನು ನೋಡಿಕೊಳ್ಳುವವರು ಮನೆಯಲ್ಲಿ ಇಲ್ಲದವರಿಗೆ ಅವು ಅನುಕೂಲವೇ ಸರಿ. ಆದರೆ ಸೇರುವ ಮೊದಲೇ ಬಿಡುವ ದಾರಿಯನ್ನು ಕೇಳಬೇಕು: ನಾಳೆ ನಾವು ಬಾಡಿಗೆ ನಿಲ್ಲಿಸಿದರೆ ನಮ್ಮ ದಾಖಲೆಗಳೆಲ್ಲವೂ ಬೇರೊಂದು ತಂತ್ರಾಂಶ ಓದಬಲ್ಲ ರೂಪದಲ್ಲಿ ನಮ್ಮ ಕೈಗೆ ಬರುತ್ತವೆಯೇ? ಕಾನೂನಿನಂತೆ ಕಂಪನಿಗಳು ಲೆಕ್ಕಪುಸ್ತಕಗಳನ್ನು 8 ವರ್ಷ ಕಾಯಬೇಕಾಗಿರುವಾಗ, ಬಾಯಿಮಾತಿನ ಭರವಸೆಯನ್ನು ನಂಬುವಂತಿಲ್ಲ. ಹಣ ಕೊಡುವ ಮುನ್ನವೇ ಒಮ್ಮೆ ದಾಖಲೆಯನ್ನು ಹೊರತೆಗೆಯಿಸಿ ನೋಡತಕ್ಕದ್ದು.

ನಕಲು ಪ್ರತಿಗಳ ವಿಷಯವೂ ಇಂಥದೇ. 2022ರ ಸೆಪ್ಟೆಂಬರ್ ಮೊದಲ ವಾರದ ಮಳೆಯಲ್ಲಿ ಹೊರವರ್ತುಲ ರಸ್ತೆ, ಬೆಳ್ಳಂದೂರು, ವೈಟ್‌ಫೀಲ್ಡ್ ಭಾಗಗಳು ಜಲಾವೃತವಾದುದನ್ನು ಬೆಂಗಳೂರಿನವರು ಮರೆತಿಲ್ಲ. ಮೂಲ ಪ್ರತಿಯಿರುವ ಮೇಜಿನ ಖಾನೆಯಲ್ಲಿಯೇ ನಕಲನ್ನೂ ಇಟ್ಟರೆ ಎರಡೂ ಒಟ್ಟಿಗೆ ನೆನೆಯುತ್ತವೆ. ಅದಕ್ಕಿಂತ ದೊಡ್ಡ ಮೋಸ, ನಕಲು ಇದೆಯೆಂಬ ಭ್ರಮೆ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಪ್ರಸಿದ್ಧ ಸಂಸ್ಥೆಯಲ್ಲಿ ಒಬ್ಬ ತಂತ್ರಜ್ಞನು ಕೈತಪ್ಪಿ ಮುಖ್ಯ ದತ್ತಸಂಚಯವನ್ನೇ ಅಳಿಸಿಬಿಟ್ಟನು. ರಕ್ಷಣೆಗೆಂದು ಏರ್ಪಡಿಸಿದ್ದ ಐದು ವಿಧಾನಗಳಲ್ಲಿ ಒಂದೂ ನೆಚ್ಚುವಂತೆ ಕೆಲಸಮಾಡುತ್ತಿರಲಿಲ್ಲವೆಂದು ಆಗ ತಿಳಿಯಿತು. ಅದೃಷ್ಟವಶಾತ್ ಆರು ಗಂಟೆಗಳ ಹಿಂದೆ ಒಬ್ಬರು ಬೇರೆ ಕೆಲಸಕ್ಕಾಗಿ ತೆಗೆದಿಟ್ಟಿದ್ದ ಪ್ರತಿಯೊಂದು ಅವರನ್ನು ಕಾಪಾಡಿತು. ಪ್ರಪಂಚದ ತಂತ್ರಜ್ಞರಿಗೇ ಸಾಧನ ಒದಗಿಸುವವರ ಪಾಡು ಇದಾದರೆ, ಮೂರು ತಿಂಗಳಿಗೊಂದು ಶನಿವಾರ ಮಧ್ಯಾಹ್ನ, ಒಂದು ಹಳೆಯ ಗಣಕದ ಮೇಲೆ ನಕಲಿನಿಂದ ಇಡೀ ಲೆಕ್ಕವನ್ನು ಮತ್ತೆ ಎಬ್ಬಿಸಿ ನೋಡುವುದು ಪೀಣ್ಯದ ಮಾಲೀಕರಿಗೆ ಹೆಚ್ಚಿನ ಶ್ರಮವೆಂದು ನಮಗೆ ತೋರುವುದಿಲ್ಲ.

ಯಾರು, ಎಂದು, ಏನನ್ನು ತಿದ್ದಿದರೆಂಬುದೂ ಉಳಿಯಬೇಕು. ನಮ್ಮ ರಾಜ್ಯದ 'ಭೂಮಿ' ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿದಾಗ, ತಿದ್ದುವ ಅಧಿಕಾರಿಯು ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕೆಂಬ ಏರ್ಪಾಡಾಯಿತು. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ತಂತ್ರಾಂಶವು ಪ್ರತಿಯೊಂದು ತಿದ್ದುಪಡಿಯ ಗುರುತನ್ನೂ ಉಳಿಸಲೇಬೇಕೆಂದು ನಿಯಮವಾಗಿದೆ. ಪೀಣ್ಯದ ಎಷ್ಟೋ ಘಟಕಗಳು ಕಂಪನಿಗಳಲ್ಲದೆ ಪಾಲುದಾರಿಕೆಯವಾದುದರಿಂದ ಈ ನಿಯಮ ಅವರನ್ನು ಕಟ್ಟಿಹಾಕದು. ಆದರೂ ಪಾಲಿಸಿದರೆ ನಷ್ಟವಿಲ್ಲ, ಪಾಲುದಾರರ ನಡುವಣ ಜಗಳಗಳಾದರೂ ಕಡಮೆಯಾದಾವು.

ಇನ್ನೊಂದು ಮಾತು ಉಳಿದಿದೆ, ಅದನ್ನು ಬೇರೆ ಭಾಷೆಯವರು ನಮಗಾಗಿ ಹೇಳಲಾರರು. ಹಾಜರಿ ಪುಸ್ತಕದಲ್ಲಿ ಮಂಜುನಾಥ ಎಂಬ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಮೂರು ಜನ ಮೂರು ಬಗೆಯಾಗಿ ಬರೆಯುತ್ತಾರೆ. ಗಣಕಕ್ಕೆ ಅವರು ಮೂವರು ಬೇರೆ ಬೇರೆ ಮನುಷ್ಯರು! ಕನ್ನಡದಲ್ಲಿಯೇ ಬರೆದರೆ ಈ ತೊಡಕು ಬಹುಮಟ್ಟಿಗೆ ತಪ್ಪುತ್ತದೆ. ಹಿಂದೆ ನಮ್ಮ ಅಕ್ಷರಗಳನ್ನು ಒಂದೊಂದು ಫಾಂಟಿನ ವೇಷ ತೊಡಿಸಿ ಕೂಡಿಡುತ್ತಿದ್ದುದರಿಂದ, ಫಾಂಟು ಇಲ್ಲದ ಯಂತ್ರದಲ್ಲಿ ಅವು ಅರ್ಥವಿಲ್ಲದ ಗೀಟುಗಳಾಗಿ ಕಾಣುತ್ತಿದ್ದುವು. ಯೂನಿಕೋಡ್ ಪದ್ಧತಿಯಲ್ಲಿ ಪ್ರತಿಯೊಂದು ಕನ್ನಡ ಅಕ್ಷರಕ್ಕೂ ತನ್ನದೇ ಆದ ಸಂಖ್ಯೆಯಿದೆ, ಮೇಲೆ ಹೇಳಿದ ಎರಡು ದತ್ತಸಂಚಯಗಳೂ ಅದನ್ನು ಬಲ್ಲವು. ಅವುಗಳ ಮೇಲೆ ಕಟ್ಟಿದ ಪರದೆಗಳೇ ಹಲವುವೇಳೆ ಅರಿಯವು. ಆದುದರಿಂದ ತಂತ್ರಾಂಶವನ್ನು ಮಾರಲು ಬಂದವರ ಮುಂದೆ ಕೃಷ್ಣಮೂರ್ತಿ ಎಂದು ಕನ್ನಡದಲ್ಲಿ ಬರೆದು, ಉಳಿಸಿ, ಮುಚ್ಚಿ, ಮತ್ತೆ ತೆರೆದು ಹುಡುಕಿರಿ. ಸಿಕ್ಕದಿದ್ದರೆ ಅವರಿಗೆ ಒಂದು ಲೋಟ ಕಾಫಿ ಕೊಟ್ಟು ಕಳುಹಿಸಬಹುದು.